ಬಿಸಿಲು ಜಾಸ್ತಿ ಇರೋ ದೇಶದಲ್ಲೇ ಸ್ಕಿನ್ ಕ್ಯಾನ್ಸರ್ ಜಾಸ್ತಿನಾ? ಓದುಗರ ಪ್ರಶ್ನೆ, ಚರ್ಮದ ಡಾಕ್ಟರ ಉತ್ತರ

ಹೋದ ಸಂಚಿಕೇಲಿ ಒಂದೇ ಒಂದು ಸಾಲು ಬರೆದಿದ್ದೆ, ಆಸ್ಟ್ರೇಲಿಯಾದಲ್ಲಿ ಮೂರು ಜನರಲ್ಲಿ ಇಬ್ಬರಿಗಾದ್ರೂ ಜೀವಮಾನದಲ್ಲಿ ಒಂದ್ಸಲ ಸ್ಕಿನ್ ಕ್ಯಾನ್ಸರ್ ಬರತ್ತೆ ಅಂತ. ಅಷ್ಟಕ್ಕೇ ಬಂದ ಪತ್ರ, ಮೆಸೇಜು ನೋಡಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟುಬಿಡೋಣ ಅನ್ನಿಸ್ತು. ಕೆಲವು ಪ್ರಶ್ನೆ ಒಂದೇ ಥರ ಇದ್ವು, ಅವನ್ನ ಸೇರಿಸಿ ಒಂದೇ ಮಾಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೇ, ಸಮಭಾಜಕ ವೃತ್ತದ ಹತ್ರ ಇರೋ ದೇಶಗಳಲ್ಲಿ ವರ್ಷಪೂರ್ತಿ ಸುಡು ಬಿಸಿಲು. ಹಂಗಿದ್ರೆ ಸ್ಕಿನ್ ಕ್ಯಾನ್ಸರ್ ಅಲ್ಲೇ ಜಾಸ್ತಿ ಇರಬೇಕಲ್ವಾ? ಆದ್ರೆ ಪಟ್ಟಿ ನೋಡಿದ್ರೆ ಡೆನ್ಮಾರ್ಕ್, ನಾರ್ವೆ ಅಂತ ಬರತ್ತೆ. ಅಲ್ಲಿ ಬಿಸಿಲೆಲ್ಲಿದೆ? (ಕಾಲೇಜು ವಿದ್ಯಾರ್ಥಿನಿ)

ಒಳ್ಳೇ ಪ್ರಶ್ನೆ ಕಣಮ್ಮ. ಮೊದಲು ಒಂದು ವಿಷಯ ಬಿಡಿಸಿಬಿಡ್ತೀನಿ. ಸ್ಕಿನ್ ಕ್ಯಾನ್ಸರ್ ಅಂತ ನಾವು ಒಂದೇ ಹೆಸರಲ್ಲಿ ಕರೆದ್ರೂ ಅದರಲ್ಲಿ ಮುಖ್ಯವಾಗಿ ಮೂರು ಜಾತಿ. ಬೇಸಲ್ ಸೆಲ್ ಅನ್ನೋದು ಎಲ್ಲಕ್ಕಿಂತ ಜಾಸ್ತಿ ಬರೋದು, ನಿಧಾನಕ್ಕೆ ಬೆಳೆಯತ್ತೆ, ಬೇರೆ ಅಂಗಕ್ಕೆ ಹರಡೋದು ತೀರಾ ಅಪರೂಪ. ಸ್ಕ್ವೇಮಸ್ ಸೆಲ್ ಎರಡನೇದು, ಇದಕ್ಕೆ ಚಿಕಿತ್ಸೆ ಮಾಡದೆ ಹಾಗೇ ಬಿಟ್ರೆ ಹರಡಬಹುದು. ಮೂರನೇದು ಮೆಲನೋಮಾ, ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶದಿಂದ ಹುಟ್ಟೋದು. ಸಂಖ್ಯೆಯಲ್ಲಿ ಇದು ಕಮ್ಮಿ, ಆದ್ರೆ ಪ್ರಾಣ ತೆಗೆಯೋದ್ರಲ್ಲಿ ಇದೇ ಮುಂದು. ನೀವು ನೋಡಿರೋ ಪಟ್ಟಿ ಮೆಲನೋಮಾದ್ದು ಇರಬೇಕು.

2020ರಲ್ಲಿ ಪ್ರಪಂಚದಲ್ಲಿ ಅಂದಾಜು 3 ಲಕ್ಷ 25 ಸಾವಿರ ಜನಕ್ಕೆ ಹೊಸದಾಗಿ ಮೆಲನೋಮಾ ಬಂತು, ಸುಮಾರು 57 ಸಾವಿರ ಜನ ಅದರಿಂದ ಸತ್ರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿಸಿ ನೋಡಿದ್ರೆ ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ 42 ಜನಕ್ಕೆ ಬರತ್ತೆ, ಹೆಂಗಸರಲ್ಲಿ 31. ಪಶ್ಚಿಮ ಯೂರೋಪಲ್ಲಿ 19ರ ಆಸುಪಾಸು. ಅದೇ ಆಫ್ರಿಕಾದ, ಏಷ್ಯಾದ ಬಹುಪಾಲು ದೇಶಗಳಲ್ಲಿ ಲಕ್ಷಕ್ಕೆ ಒಂದೂ ಇಲ್ಲ. ಅಂದ್ರೆ ಬಿಸಿಲಿನ ಮ್ಯಾಪ್ ತಗೊಂಡು ಕ್ಯಾನ್ಸರ್ ಮ್ಯಾಪ್ ಮೇಲೆ ಇಟ್ರೆ ಕೂಡೋದೇ ಇಲ್ಲ.

ಯಾಕಂದ್ರೆ ಕ್ಯಾನ್ಸರ್ ತರೋದು ಬಿಸಿಲು ಒಂದೇ ಅಲ್ಲ, ಆ ಬಿಸಿಲಿಗೆ ಆ ಚರ್ಮ ಒಗ್ಗತ್ತಾ ಇಲ್ವಾ ಅನ್ನೋದು. ಸೂರ್ಯನ ಅಲ್ಟ್ರಾವಯೊಲೆಟ್ (ಯುವಿ) ಕಿರಣ ಜೀವಕೋಶದೊಳಗಿನ ಡಿಎನ್ಎನಲ್ಲಿ ಪಕ್ಕಪಕ್ಕ ಇರೋ ಎರಡು ಅಕ್ಷರಗಳನ್ನ ಬೆಸುಗೆ ಹಾಕಿದ ಹಾಗೆ ಅಂಟಿಸಿಬಿಡತ್ತೆ, ದೇಹ ಅದನ್ನ ರಿಪೇರಿ ಮಾಡ್ತಾನೇ ಇರತ್ತೆ, ಕೆಲವೊಂದ್ಸಲ ರಿಪೇರಿ ತಪ್ಪತ್ತೆ, ಆ ತಪ್ಪುಗಳು ವರ್ಷಗಟ್ಟಲೆ ಸೇರ್ತಾ ಹೋದ್ರೆ ಕ್ಯಾನ್ಸರ್. ಕಪ್ಪು ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ಜೀವಕೋಶದ ತಲೆ ಮೇಲೆ ಛತ್ರಿ ಹಿಡಿದ ಹಾಗೆ ಕೂತಿರತ್ತೆ. ತಲೆತಲಾಂತರದಿಂದ ಬಿಸಿಲಲ್ಲೇ ಇದ್ದ ಜನಕ್ಕೆ ಆ ಛತ್ರಿ ಹುಟ್ಟಿನಿಂದಲೇ ಬಂದಿದೆ. ನಾರ್ವೆಯವರ ಹತ್ರ ಅದಿಲ್ಲ, ಅವರ ಊರಿನ ಬಿಸಿಲಿಗೆ ಅದು ಬೇಕಾಗಿರಲೂ ಇಲ್ಲ.

ತೊಂದರೆ ಶುರುವಾಗಿದ್ದು ಜನ ಓಡಾಡೋಕೆ ಶುರು ಮಾಡಿದ ಮೇಲೆ. ಕಳೆದ ಶತಮಾನದ ಎರಡನೇ ಅರ್ಧದಲ್ಲಿ ವಿಮಾನದ ಟಿಕೆಟ್ ಅಗ್ಗ ಆಯ್ತು, ಉತ್ತರ ಯೂರೋಪಿನವರು ವರ್ಷದಲ್ಲಿ ಐವತ್ತು ವಾರ ಕೋಟಿನೊಳಗೆ ಇದ್ದು ಎರಡು ವಾರ ಮೆಡಿಟರೇನಿಯನ್ ಬೀಚಲ್ಲಿ ಬರಿಮೈಲಿ ಮಲಗೋದು ಅಭ್ಯಾಸ ಆಯ್ತು, ಮೈ ಕಂದು ಬಣ್ಣಕ್ಕೆ ತಿರುಗಿದ್ರೆ ಅದೇ ಆರೋಗ್ಯದ ಲಕ್ಷಣ ಅನ್ನೋ ಫ್ಯಾಷನ್ ಬೇರೆ. ಹೀಗೆ ಅಪರೂಪಕ್ಕೆ ಒಂದ್ಸಲ ಸಿಕ್ಕಾಪಟ್ಟೆ ಬಿಸಿಲು ತಿಂದು ಚರ್ಮ ಕೆಂಪಾಗಿ ಸುಲಿದು ಹೋಗತ್ತಲ್ಲ, ಮೆಲನೋಮಾಕ್ಕೆ ಅದೇ ತುಂಬಾ ಕೆಟ್ಟದ್ದು. ದಿನಾ ಸ್ವಲ್ಪ ಸ್ವಲ್ಪ ಬೀಳೋ ಬಿಸಿಲಿಗಿಂತ ಅದು ಬೇರೆ ಥರ. ಅದಕ್ಕೇ ಮೆಲನೋಮಾ ಗಂಡಸರಿಗೆ ಬೆನ್ನಲ್ಲಿ, ಹೆಂಗಸರಿಗೆ ಕಾಲಲ್ಲಿ ಜಾಸ್ತಿ ಕಾಣೋದು, ದಿನಾ ಬಿಸಿಲು ಬೀಳೋ ಜಾಗಗಳಲ್ವಲ್ಲ ಅವು.

ಇನ್ನೊಂದು ತಮಾಷೆ ಗಮನಿಸಿ. ಯೂರೋಪ್ ಪೂರ್ತಿ ತಗೊಂಡ್ರೆ ಉತ್ತರದಲ್ಲಿ ಮೆಲನೋಮಾ ಜಾಸ್ತಿ, ದಕ್ಷಿಣದ ಬಿಸಿಲು ದೇಶಗಳಲ್ಲಿ ಕಮ್ಮಿ. ಆದ್ರೆ ನಾರ್ವೆ ಒಂದನ್ನೇ ತಗೊಂಡ್ರೆ ಉಲ್ಟಾ, ದಕ್ಷಿಣದ ಭಾಗದಲ್ಲಿ ಜಾಸ್ತಿ ಉತ್ತರದಲ್ಲಿ ಕಮ್ಮಿ. ಒಂದೇ ಥರದ ಚರ್ಮ ಇರೋ ಜನರೊಳಗೆ ಹೋಲಿಸಿದ್ರೆ ಬಿಸಿಲಿನ ಲೆಕ್ಕ ಸರಿಯಾಗೇ ಕೂಡತ್ತೆ.

ಪ್ರಶ್ನೆ: ಆಸ್ಟ್ರೇಲಿಯಾದ ಮೇಲೆ ಓಝೋನ್ ತೂತಾಗಿದೆ, ಅದಕ್ಕೇ ಅಲ್ಲಿ ಅಷ್ಟೊಂದು ಕ್ಯಾನ್ಸರ್ ಅಂತ ಸ್ಕೂಲಲ್ಲಿ ಓದಿದ್ದು. ನಿಜಾನಾ?

ಅರ್ಧ ಕೂಡ ನಿಜ ಅಲ್ಲ. ಓಝೋನ್ ಅಂದ್ರೆ ಆಕಾಶದಲ್ಲಿ ಯುವಿ ಕಿರಣ ತಡೆಯೋ ಗ್ಯಾಸಿನ ಪದರ. ಅದರ ತೂತು ಇರೋದು ಅಂಟಾರ್ಕ್ಟಿಕಾದ ಮೇಲೆ, 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅದನ್ನ ಪ್ರಕಟಿಸಿದ್ರು. ಅದರ ಅಂಚು ಆಗಾಗ ದಕ್ಷಿಣ ಅಮೆರಿಕದ ತುದಿ ತನಕ ಬರತ್ತೆ, ಆಸ್ಟ್ರೇಲಿಯಾದ ಮೇಲೆ ಖಾಯಂ ಕೂತಿಲ್ಲ. ಅದೂ ಅಲ್ದೆ ಕ್ಯಾನ್ಸರ್ ಆಗೋಕೆ ದಶಕಗಳೇ ಬೇಕು, ತೂತು ಕಾಣಿಸೋಕೆ ಮುಂಚೆನೇ ಅಲ್ಲಿ ಕೇಸುಗಳು ತುಂಬಿದ್ವು.

ನಿಜವಾದ ಕಾರಣ ನಾಲ್ಕೈದು. ಆ ದೇಶದ ಉತ್ತರ ಭಾಗ ಸಮಭಾಜಕ ವೃತ್ತಕ್ಕೆ ಹತ್ರ. ಗಾಳಿ ಸ್ವಚ್ಛ, ಹೊಗೆ ಧೂಳು ಕಮ್ಮಿ, ಹಾಗಾಗಿ ಯುವಿ ಕಿರಣ ಸೋಸದೆ ನೇರ ಕೆಳಗೆ ಬರತ್ತೆ. ಇನ್ನೊಂದು, ಭೂಮಿ ಸೂರ್ಯನಿಗೆ ತೀರಾ ಹತ್ರ ಬರೋದು ಜನವರಿ ಶುರುವಲ್ಲಿ, ಅದು ದಕ್ಷಿಣಾರ್ಧ ಗೋಳದವರ ಬೇಸಿಗೆ, ಜುಲೈಗೆ ಹೋಲಿಸಿದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ಬೆಳಕು ಬೀಳತ್ತೆ. ನ್ಯೂಜಿಲೆಂಡಲ್ಲಂತೂ ಬೇಸಿಗೆ ಮಧ್ಯಾಹ್ನದ ಯುವಿ, ಉತ್ತರಾರ್ಧದಲ್ಲಿ ಅಷ್ಟೇ ಅಕ್ಷಾಂಶದಲ್ಲಿರೋ ಜಾಗಗಳಿಗಿಂತ 40 ಪರ್ಸೆಂಟ್ ತನಕ ಜಾಸ್ತಿ. ಇಷ್ಟೆಲ್ಲ ಇದ್ದೂ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಈ ಕ್ಯಾನ್ಸರ್ ಬಹಳ ಕಮ್ಮಿ. ಬರೋದು ಬ್ರಿಟನ್, ಐರ್ಲೆಂಡ್ ಕಡೆಯಿಂದ ಹೋಗಿ ನೆಲೆಸಿದವರ ಸಂತಾನಕ್ಕೆ. ಮೋಡದ ದೇಶಕ್ಕೆ ಅಂತ ತಯಾರಾದ ಚರ್ಮ ತಗೊಂಡು ಹೋಗಿ ಉರಿಬಿಸಿಲಲ್ಲಿ ಇಟ್ಟ ಹಾಗೆ.

ಇದರಲ್ಲಿ ನನಗೆ ಅತೀ ಮುಖ್ಯ ಅನ್ನಿಸೋದು ವಲಸೆ ಹೋದವರ ಲೆಕ್ಕ. ಹತ್ತು ವರ್ಷ ತುಂಬೋಕೆ ಮುಂಚೆ ಆಸ್ಟ್ರೇಲಿಯಾಕ್ಕೆ ಹೋದವರಿಗೆ ಮೆಲನೋಮಾ ಅಪಾಯ ಅಲ್ಲೇ ಹುಟ್ಟಿದವರಷ್ಟೇ ಹತ್ರ ಇರತ್ತೆ, ದೊಡ್ಡವರಾದ ಮೇಲೆ ಹೋದವರಿಗೆ ಗಣನೀಯವಾಗಿ ಕಮ್ಮಿ. ಮಕ್ಕಳಾಗಿದ್ದಾಗ ತಿಂದ ಬಿಸಿಲು ಐವತ್ತನೇ ವಯಸ್ಸಲ್ಲಿ ಲೆಕ್ಕ ಕೇಳತ್ತೆ ಅಂತ ಇದರಿಂದಲೇ ನಮಗೆ ಗಟ್ಟಿಯಾಗಿ ಗೊತ್ತಾಗಿದ್ದು.

ಹಂಗಂತ ಓಝೋನ್ ವಿಷಯ ಸುಮ್ಮನೆ ಅಲ್ಲ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಗಿ ಓಝೋನ್ ಹಾಳು ಮಾಡೋ ಗ್ಯಾಸುಗಳನ್ನ ನಿಲ್ಲಿಸದೇ ಇದ್ದಿದ್ರೆ ಈ ಮ್ಯಾಪೇ ಬೇರೆ ಥರ ಇರ್ತಿತ್ತು. ಅಮೆರಿಕದ ಪರಿಸರ ಇಲಾಖೆ ಲೆಕ್ಕದ ಪ್ರಕಾರ 1890ರಿಂದ 2100ರ ಒಳಗೆ ಹುಟ್ಟೋ ಅಮೆರಿಕನ್ನರಲ್ಲೇ 44 ಕೋಟಿಗೂ ಮೇಲೆ ಸ್ಕಿನ್ ಕ್ಯಾನ್ಸರ್ ಕೇಸು ಈ ಒಪ್ಪಂದದಿಂದ ತಪ್ಪಿದ ಹಾಗೆ.

ಪ್ರಶ್ನೆ: ಸನ್‌ಸ್ಕ್ರೀನ್ ಹಚ್ಚಿದ್ರೆ ಕ್ಯಾನ್ಸರ್ ನಿಜವಾಗಲೂ ಕಮ್ಮಿ ಆಗತ್ತಾ ಅಥವಾ ಕಂಪನಿಯವರ ಜಾಹೀರಾತಾ ಸರ್?

ಅನುಮಾನ ಪಡೋದು ಒಳ್ಳೇದೇ. ಇದಕ್ಕೆ ಸರಿಯಾದ ಪರೀಕ್ಷೆ ನಡೆದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ನ್ಯಾಂಬೋರ್ ಅಂತ ಒಂದು ಪಟ್ಟಣ, ಅಲ್ಲಿ 1992ರಲ್ಲಿ 1,621 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು, ಒಂದು ಗುಂಪಿಗೆ ದಿನಾ ಬೆಳಿಗ್ಗೆ ತಲೆ, ಕತ್ತು, ಕೈಗೆ ಸನ್‌ಸ್ಕ್ರೀನ್ ಹಚ್ಚಲೇಬೇಕು ಅಂತ ಹೇಳಿದ್ರು, ಇನ್ನೊಂದು ಗುಂಪಿಗೆ ನಿಮಗೆ ಇಷ್ಟ ಬಂದ ಹಾಗೆ ಮಾಡಿ ಅಂದ್ರು. ನಾಲ್ಕೂವರೆ ವರ್ಷ ಆದ್ಮೇಲೆ ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಗಡ್ಡೆಗಳು ಸುಮಾರು 40 ಪರ್ಸೆಂಟ್ ಕಮ್ಮಿ. ಬೇಸಲ್ ಸೆಲ್ಲಲ್ಲಿ ಹೇಳಿಕೊಳ್ಳೋ ಅಷ್ಟು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಪರೀಕ್ಷೆ ಮುಗಿದು ಹತ್ತು ವರ್ಷ ಆದ್ಮೇಲೆ ಮತ್ತೆ ಹೋಗಿ ಎಣಿಸಿದ್ರು, ಹಚ್ಚಿದ ಗುಂಪಲ್ಲಿ 11 ಮೆಲನೋಮಾ, ಇಷ್ಟ ಬಂದ ಹಾಗೆ ಇದ್ದ ಗುಂಪಲ್ಲಿ 22. ಸಂಖ್ಯೆ ಚಿಕ್ಕದು, ಆದ್ರೆ ಅರ್ಧಕ್ಕರ್ಧ.

ಆದ್ರೆ ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಇಳಿಯೋಕೆ ಕ್ರೀಮ್ ಒಂದೇ ಕಾರಣ ಅನ್ಕೋಬೇಡಿ. 1981ರಲ್ಲೇ ಅಲ್ಲಿ "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಅಂತ ಒಂದು ಕಾರ್ಟೂನ್ ಕಡಲಹಕ್ಕಿ ಟೀವಿಲಿ ಕುಣಿದು ಅಂಗಿ ಹಾಕ್ಕೊಳ್ಳಿ, ಕ್ರೀಮ್ ಬಳ್ಕೊಳ್ಳಿ, ಟೋಪಿ ಇಟ್ಕೊಳ್ಳಿ ಅಂತ ಹೇಳ್ತಿತ್ತು. ಆಮೇಲೆ ಸ್ಕೂಲುಗಳು ಟೋಪಿ ಇಲ್ಲದ ಮಗುನ ಬಿಸಿಲಲ್ಲಿ ಆಟಕ್ಕೆ ಬಿಡಲ್ಲ ಅಂದ್ವು. ಆ ಜಾಹೀರಾತು ನೋಡ್ತಾ ಬೆಳೆದವರಲ್ಲಿ, ಅಂದ್ರೆ ಈಗಿನ ನಲವತ್ತರ ಒಳಗಿನವರಲ್ಲಿ ಮೆಲನೋಮಾ ಇಳೀತಾ ಬಂದಿದೆ. ವಯಸ್ಸಾದವರಲ್ಲಿ ಅಂಥ ಇಳಿಕೆ ಇಲ್ಲ, ಅವರ ಬಾಲ್ಯ ಆಗಲೇ ಸುಟ್ಟುಹೋಗಿತ್ತು.

ಇದರ ಉಲ್ಟಾ ಕಥೆ ಐಸ್‌ಲ್ಯಾಂಡಿಂದು. ಬಿಸಿಲೇ ಇಲ್ಲದ ದೇಶ, ಆದ್ರೆ ಮೈ ಕಂದು ಮಾಡ್ಕೊಳ್ಳೋಕೆ ಯುವಿ ಲೈಟಿನ ಹಾಸಿಗೆ ಇಟ್ಟಿರೋ ಅಂಗಡಿಗಳು ಬೀದಿಬೀದೀಲಿ ಬಂದ್ವು. 1990ರ ದಶಕದಲ್ಲಿ ಅಲ್ಲಿನ ಯುವತಿಯರಲ್ಲಿ ಮೆಲನೋಮಾ ದಿಢೀರ್ ಏರಿತು, ಅದೂ ಬಿಸಿಲು ಬೀಳದ ಮೈ ಭಾಗದಲ್ಲಿ. ಆಮೇಲೆ ಪ್ರಚಾರ ಮಾಡಿ ಜನ ಬಿಟ್ಟ ಮೇಲೆ ಇಳೀತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2009ರಲ್ಲಿ ಈ ಹಾಸಿಗೆಗಳನ್ನ ತಂಬಾಕು ಇರೋ ಪಟ್ಟಿಗೇ ಸೇರಿಸ್ತು, ಅದೇ ವರ್ಷ ಬ್ರೆಜಿಲ್ ಪೂರ್ತಿ ನಿಷೇಧ ಮಾಡಿತು. 2016ರ ಹೊತ್ತಿಗೆ ಆಸ್ಟ್ರೇಲಿಯಾದ ರಾಜ್ಯಗಳೂ ಅಂಗಡಿಗಳನ್ನ ಮುಚ್ಚಿಸಿದ್ವು.

ಹಚ್ಚೋ ಬಗ್ಗೆ ಒಂದು ಮಾತು. ಎಸ್‌ಪಿಎಫ್ ಅನ್ನೋದು ಸನ್‌ಸ್ಕ್ರೀನಿನ ತಡೆಯೋ ಶಕ್ತಿಯ ಅಳತೆ. 30 ಅಂದ್ರೆ ಯುವಿಬಿ, ಅಂದ್ರೆ ಚರ್ಮ ಸುಡೋ ಥರದ ಯುವಿನ 97 ಪರ್ಸೆಂಟ್ ತಡೆಯತ್ತೆ, 50 ಅಂದ್ರೆ 98. ವ್ಯತ್ಯಾಸ ಒಂದು ಪರ್ಸೆಂಟು. ಅದರ ಬದಲು ಎಷ್ಟು ಹಚ್ತೀರಿ ಅನ್ನೋದು ದೊಡ್ಡದು, ಲ್ಯಾಬಲ್ಲಿ ಹಚ್ಚೋದರ ಅರ್ಧ ಅಥವಾ ಕಾಲು ಭಾಗ ಅಷ್ಟೇ ಜನ ಹಚ್ಚೋದು, ಬೊಟ್ಟು ಇಟ್ಟ ಹಾಗೆ.

ಪ್ರಶ್ನೆ: ನನ್ನದು ಗಾಢ ಕಂದು ಬಣ್ಣ. ನಮ್ಮಂಥವರಿಗೆ ಸ್ಕಿನ್ ಕ್ಯಾನ್ಸರ್ ಬರೋದೇ ಇಲ್ಲ ಅಂತ ಸ್ನೇಹಿತರು ಹೇಳ್ತಾರೆ, ಇನ್‌ಸ್ಟಾಗ್ರಾಮಲ್ಲಿ ನೋಡಿದ್ರೆ ಸನ್‌ಸ್ಕ್ರೀನ್ ಇಲ್ದೆ ಕಿಟಕಿ ಹತ್ರ ಕೂತ್ರೂ ಕ್ಯಾನ್ಸರ್ ಅಂತಾರೆ. ಯಾರ ಮಾತು ನಂಬಲಿ?

ಇಬ್ಬರದ್ದೂ ಬೇಡ.

ಬಿಸಿಲಿಂದ ಬರೋ ಕ್ಯಾನ್ಸರ್ ಗಾಢ ಬಣ್ಣದವರಿಗೆ ತುಂಬಾ ಕಮ್ಮಿ, ಇದು ನಿಜ. ಹಳೇ ಒಂದು ಅಳತೆ ಪ್ರಕಾರ ಕಪ್ಪು ಚರ್ಮದ ಮೇಲ್ಪದರ ತಾನಾಗೇ ಎಸ್‌ಪಿಎಫ್ 13ರಷ್ಟು ಕೆಲಸ ಮಾಡತ್ತೆ, ಬಿಳಿ ಚರ್ಮದ್ದು 3 ಚಿಲ್ಲರೆ. ಆಸ್ಟ್ರೇಲಿಯಾದವರಿಗೆ ಅಂತ ಬರೆದ ಸಲಹೆನ ಹಾಗೇ ಎತ್ತಿ ಎಲ್ಲರಿಗೂ ಅಂಟಿಸೋದು ನನಗೆ ಸರಿ ಕಾಣಲ್ಲ, ಗಾಢ ಬಣ್ಣದವರು ದಿನಾ ಸನ್‌ಸ್ಕ್ರೀನ್ ಹಚ್ಚಿದ್ರೆ ಮೆಲನೋಮಾ ತಪ್ಪತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಭಂಗು, ಕಪ್ಪು ಕಲೆಗೆ ಅಂತ ಹಚ್ಚೋದಾದ್ರೆ ಹಚ್ಚಿ, ಅದಕ್ಕೆ ಉಪಯೋಗ ಇದೆ, ಆದ್ರೆ ಅದು ಬೇರೆ ವಿಷಯ.

ಬರೋದೇ ಇಲ್ಲ ಅನ್ನೋದು ಮಾತ್ರ ಶುದ್ಧ ತಪ್ಪು. ಗಾಢ ಬಣ್ಣದವರಿಗೆ ಮೆಲನೋಮಾ ಬಂದ್ರೆ ಬಿಸಿಲು ಕಾಣದ ಜಾಗದಲ್ಲೇ ಜಾಸ್ತಿ, ಅಂಗಾಲು, ಅಂಗೈ, ಉಗುರಿನ ಕೆಳಗೆ. ಆಕ್ರಲ್ ಮೆಲನೋಮಾ ಅಂತೀವಿ. ಇದಕ್ಕೂ ಬಿಸಿಲಿಗೂ ಸಂಬಂಧ ಕಾಣಲ್ಲ. ಗಾಯಕ ಬಾಬ್ ಮಾರ್ಲಿ ಗೊತ್ತಲ್ಲ, ಅವರ ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾಗಿದ್ದು ಇದೇ, 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡ್ರು. ಅಮೆರಿಕದ ಲೆಕ್ಕದಲ್ಲಿ ಮೆಲನೋಮಾ ಬಂದ ಬಿಳಿಯರಲ್ಲಿ ಐದು ವರ್ಷ ಆದ್ಮೇಲೂ ಬದುಕಿರೋರು ನೂರಕ್ಕೆ ತೊಂಬತ್ತರ ಮೇಲೆ, ಕರಿಯರಲ್ಲಿ ಎಪ್ಪತ್ತರ ಹತ್ರ. ಕಾಯಿಲೆ ಕಮ್ಮಿ, ಸಾವು ಜಾಸ್ತಿ. ತಡವಾಗಿ ಬರ್ತಾರೆ ಅನ್ನೋದು ದೊಡ್ಡ ಕಾರಣ, ನಮಗೆಲ್ಲಿ ಬರತ್ತೆ ಅಂತ ರೋಗಿನೂ ಅನ್ಕೋತಾನೆ, ಎಷ್ಟೋ ಸಲ ಡಾಕ್ಟ್ರೂ ಅನ್ಕೋತಾರೆ.

ಸ್ಕ್ವೇಮಸ್ ಸೆಲ್ ಕೂಡ ಹಾಗೇ. ಆಫ್ರಿಕಾ, ದಕ್ಷಿಣ ಏಷ್ಯಾದಲ್ಲಿ ಅದು ಎಷ್ಟೋ ಸಲ ಹಳೇ ಸುಟ್ಟ ಗಾಯದ ಕಲೆ ಮೇಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನ ಮೇಲೆ ಹುಟ್ಟತ್ತೆ. ಬಂಗಾಳದ ಮುಖಜ ಭೂಮಿಲಿ ಕೊಳವೆ ಬಾವಿ ನೀರಲ್ಲಿರೋ ಆರ್ಸೆನಿಕ್ ಇದಕ್ಕೆ ಕಾರಣ, ಅಂಗೈ ಅಂಗಾಲು ಗಂಟುಗಂಟಾಗಿ ಆಮೇಲೆ ಕ್ಯಾನ್ಸರ್. ಹಾಗಾಗಿ ಸ್ಕಿನ್ ಕ್ಯಾನ್ಸರ್ ಅಂದ ತಕ್ಷಣ ಸೂರ್ಯನ ಮೇಲೇ ಕೈ ತೋರ್ಸಬೇಡಿ.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಹೊರಗಡೆ ಕೆಲಸ, ಕಟ್ಟಡ ಕಟ್ಟೋದು. ಬಿಸಿಲಲ್ಲೇ ಜೀವನ. ರಜಾಕ್ಕೆ ಬೀಚಿಗೆ ಹೋಗೋರ ಕಥೆ ಹೇಳ್ತೀರಿ, ನಮ್ಮ ಕಥೆ ಏನು ಡಾಕ್ಟ್ರೇ?

ನಿಮ್ಮ ಕಥೆ ಯಾರೂ ಬರೆಯಲ್ಲ ಅನ್ನೋದೇ ನನ್ನ ಬೇಜಾರು ಕೂಡ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಒಂದು ಲೆಕ್ಕ ಕೊಟ್ರು. 2019ರಲ್ಲಿ ಪ್ರಪಂಚದಲ್ಲಿ ದುಡಿಯೋ ವಯಸ್ಸಿನ 160 ಕೋಟಿ ಜನ ಕೆಲಸದ ಹೊತ್ತಲ್ಲಿ ಬಿಸಿಲಿನ ಯುವಿಗೆ ಮೈ ಒಡ್ಡಿದ್ರು, ಆ ಒಂದೇ ವರ್ಷ ಮೆಲನೋಮಾ ಅಲ್ಲದ ಸ್ಕಿನ್ ಕ್ಯಾನ್ಸರಿಂದ ಸುಮಾರು 19 ಸಾವಿರ ಕೆಲಸಗಾರರು ಸತ್ರು. ಈ ಕ್ಯಾನ್ಸರಿನ ಮೂರು ಸಾವಿನಲ್ಲಿ ಹೆಚ್ಚೂಕಮ್ಮಿ ಒಂದು ಕೆಲಸದಿಂದ ಬಂದಿದ್ದು. 2000ದಲ್ಲಿ ಇದೇ ಸಂಖ್ಯೆ 10 ಸಾವಿರ ಇತ್ತು, ಅಂದ್ರೆ ಹತ್ತೊಂಬತ್ತು ವರ್ಷದಲ್ಲಿ ಡಬಲ್ ಹತ್ರ ಬಂದಿದೆ. ಸತ್ತವರಲ್ಲಿ ಮೂರನೇ ಎರಡರಷ್ಟು ಗಂಡಸರು.

ನಿಮ್ಮ ಥರದ ಬಿಸಿಲು, ಅಂದ್ರೆ ದಿನಾ ಬೀಳ್ತಾ ಬೀಳ್ತಾ ಕೂಡೋ ಬಿಸಿಲು ತರೋದು ಸ್ಕ್ವೇಮಸ್ ಸೆಲ್. ಮುಖ, ಕಿವಿಯ ಮೇಲ್ತುದಿ, ಕತ್ತಿನ ಹಿಂದೆ, ಮುಂಗೈ ಹಿಂಭಾಗ, ಮತ್ತೆ ಕೆಳತುಟಿ. ಕೆಳತುಟಿ ಯಾಕೆ ಅಂದ್ರೆ ಅದು ಆಕಾಶಕ್ಕೆ ಮುಖ ಮಾಡಿಕೊಂಡಿರತ್ತೆ, ಮೇಲ್ತುಟಿ ಮೂಗಿನ ನೆರಳಲ್ಲಿರತ್ತೆ. ಶುರುವಲ್ಲಿ ಒಣಗಿದ, ಉಪ್ಪುಕಾಗದ ಮುಟ್ಟಿದ ಹಾಗೆ ಒರಟಾದ ಒಂದು ಕಲೆ, ಕಿತ್ರೆ ಮತ್ತೆ ಬರತ್ತೆ. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗತ್ತೆ. ಅದೇ ಹಂತದಲ್ಲಿ ತೋರಿಸಿದ್ರೆ ಸುಡೋದು, ತಣ್ಣಗಿನ ಗ್ಯಾಸಲ್ಲಿ ಹೆಪ್ಪುಗಟ್ಟಿಸೋದು, ಒಂದು ಮುಲಾಮು, ಇಷ್ಟರಲ್ಲೇ ಮುಗಿಯತ್ತೆ.

ಬೆವರು ಸುರಿಯೋ ಮೈಗೆ ಎರಡು ಗಂಟೆಗೊಂದ್ಸಲ ಕ್ರೀಮ್ ಹಚ್ಚಿ ಅಂತ ನಿಮಗೆ ಹೇಳೋದು ಹುಚ್ಚುತನ ಆಗತ್ತೆ. ಕತ್ತು, ಕಿವಿ ಮುಚ್ಚೋ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಊಟದ ವಿರಾಮ ನೆರಳಲ್ಲಿ. ದಿನದ ಯುವಿಯ ಸುಮಾರು 60 ಪರ್ಸೆಂಟ್ ಬೀಳೋದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ಸೂರಿನ ಕೆಲಸ ಆ ಹೊತ್ತಿಗೆ ಬೀಳದ ಹಾಗೆ ಮಾಡೋದು ನಿಮ್ಮ ಕೈಲಿಲ್ಲ, ಕೆಲಸ ಮಾಡಿಸೋರ ಕೈಲಿದೆ. ಈ ಪ್ಯಾರಾ ಅವರಿಗೆ ತೋರಿಸಿ.

ಪ್ರಶ್ನೆ: ಸ್ಕಿನ್ ಕ್ಯಾನ್ಸರ್ ಏರ್ತಾ ಇದೆ ಏರ್ತಾ ಇದೆ ಅಂತ ಎಲ್ಲಾ ಕಡೆ ಓದ್ತೀವಿ. ನಿಜವಾಗಿ ಏರ್ತಿದೆಯಾ, ಇಲ್ಲಾ ಹುಡುಕೋರು ಜಾಸ್ತಿ ಆಗಿದಾರಾ? (ನಿವೃತ್ತ ಗಣಿತ ಮೇಷ್ಟ್ರು)

ಮೇಷ್ಟ್ರೇ, ಎರಡೂ. ನಮ್ಮೊಳಗೇ ಇದರ ಬಗ್ಗೆ ದೊಡ್ಡ ಜಗಳ ಇದೆ.

ಅಮೆರಿಕದಲ್ಲಿ ನಲವತ್ತು ಚಿಲ್ಲರೆ ವರ್ಷದಲ್ಲಿ ಮೆಲನೋಮಾ ಪತ್ತೆ ಸುಮಾರು 6 ಪಟ್ಟು ಏರಿತು. ಕಾಯಿಲೆ ಅಷ್ಟು ಏರಿದ್ರೆ ಸಾವೂ ಏರಬೇಕಲ್ವಾ? ಸಾವಿನ ದರ ಬಹಳ ಕಾಲ ಹೆಚ್ಚೂಕಮ್ಮಿ ಇದ್ದಲ್ಲೇ ಇತ್ತು. ಅಂದ್ರೆ ಸಿಕ್ಕಿದ್ದರಲ್ಲಿ ಒಂದು ಪಾಲು, ಬಿಟ್ಟಿದ್ರೂ ಯಾರನ್ನೂ ಕೊಲ್ತಿರಲಿಲ್ಲ ಅನ್ನೋ ಅಂಥ ತೆಳ್ಳಗಿನ ಮಚ್ಚೆಗಳು. ಚೆಕಪ್ ಜಾಸ್ತಿ, ಬಯಾಪ್ಸಿ (ಚೂರು ಚರ್ಮ ತೆಗೆದು ಪರೀಕ್ಷೆ ಮಾಡೋದು) ಜಾಸ್ತಿ, ಮೈಕ್ರೋಸ್ಕೋಪ್ ನೋಡೋರಿಗೆ ಕೇಸು ಬಿಟ್ಟುಹೋದ್ರೆ ಅನ್ನೋ ಭಯ ಜಾಸ್ತಿ. ಇನ್ನೊಂದು ಕಡೆಯವರು ಏನಂತಾರೆ ಅಂದ್ರೆ ಬೇಗ ಹಿಡಿದಿದ್ದಕ್ಕೇ ಸಾವು ಏರಲಿಲ್ಲ. ನನ್ನ ಮಟ್ಟಿಗೆ ಮೊದಲನೇ ವಾದಕ್ಕೆ ತೂಕ ಜಾಸ್ತಿ, ಆದ್ರೆ ನನ್ನ ಮುಂದೆ ಕೂತಿರೋ ರೋಗಿಯ ಮಚ್ಚೆ ಯಾವ ಜಾತಿದು ಅಂತ ಲೆಕ್ಕ ಹೇಳಲ್ಲ, ತೆಗೀಲೇಬೇಕಾಗತ್ತೆ. ಆಮೇಲೆ 2011ರಿಂದ ದೇಹದ ರೋಗನಿರೋಧಕ ಶಕ್ತಿನೇ ಎಬ್ಬಿಸೋ ಔಷಧಿಗಳು ಬಂದ್ವು, ಅದಕ್ಕೆ ಬುನಾದಿ ಹಾಕಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಅದಾದ ಮೇಲೆ ಅಮೆರಿಕದಲ್ಲಿ ಸಾವು ಎದ್ದು ಕಾಣೋ ಹಾಗೆ ಇಳೀತು.

ಎಣಿಕೆಯ ಇನ್ನೊಂದು ತೂತು ಕೇಳಿ. ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್ ಎರಡನ್ನೂ ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳ ಬಹುಪಾಲು ಕ್ಯಾನ್ಸರ್ ರಿಜಿಸ್ಟ್ರಿಗಳು ಬರೆದುಕೊಳ್ಳೋದೇ ಇಲ್ಲ! ಅಷ್ಟೊಂದು ಇದೆ, ಕ್ಲಿನಿಕ್ಕಲ್ಲೇ ಕತ್ತರಿಸಿ ಕಳಿಸ್ತಾರೆ, ಒಬ್ಬರಿಗೇ ಹತ್ತು ಸಲ ಬರತ್ತೆ. ಆ ಕಡೆ ಬಡ ದೇಶಗಳಲ್ಲಿ ಚರ್ಮದ ಡಾಕ್ಟ್ರೇ ಇಲ್ಲ, ರಿಜಿಸ್ಟ್ರಿಯೂ ಇಲ್ಲ. ಹಾಗಾಗಿ ಯಾವುದೋ ದೇಶದ ಸಂಖ್ಯೆ ಸೊನ್ನೆ ಹತ್ರ ಇದೆ ಅಂದ್ರೆ ಕಾಯಿಲೆ ಇಲ್ಲ ಅಂತಲೂ ಇರಬಹುದು, ನೋಡೋರಿಲ್ಲ ಅಂತಲೂ ಇರಬಹುದು. ಬಿಳಿ ಮತ್ತು ಗಾಢ ಬಣ್ಣದ ನಡುವಿನ ವ್ಯತ್ಯಾಸ ಮಾತ್ರ ಎಣಿಕೆಯ ಭ್ರಮೆ ಅಲ್ಲ, ಒಂದೇ ದೇಶದೊಳಗೆ, ಒಂದೇ ಆಸ್ಪತ್ರೆಗಳ ಲೆಕ್ಕದಲ್ಲೂ ಅದು ಕಾಣತ್ತೆ.

2040ರ ಹೊತ್ತಿಗೆ ಮೆಲನೋಮಾ ವರ್ಷಕ್ಕೆ 5 ಲಕ್ಷ ದಾಟತ್ತೆ ಅನ್ನೋ ಅಂದಾಜು ನೀವು ಓದಿರಬಹುದು. ಅದು 2020ರ ದರನೇ ಹಿಡಿದು, ಜನಸಂಖ್ಯೆ ಜಾಸ್ತಿ ಆಗತ್ತೆ, ಮುದುಕರು ಜಾಸ್ತಿ ಆಗ್ತಾರೆ ಅಂತ ಹಾಕಿದ ಲೆಕ್ಕ. ಬಿಸಿಲು ಜೋರಾಗತ್ತೆ ಅಂತ ಅಲ್ಲ.

ಪ್ರಶ್ನೆ: ಮೋಡ ಇದ್ದಾಗ, ಚಳಿ ಇದ್ದಾಗ ಯುವಿ ಇರಲ್ಲ ತಾನೇ? ಬಿಸಿಲು ಚುರುಗುಟ್ಟಿದ್ರೆ ಮಾತ್ರ ಅಪಾಯ ಅಲ್ವಾ?

ಚುರುಗುಟ್ಟೋದು ಶಾಖ. ಯುವಿ ಮೈಗೆ ಗೊತ್ತೇ ಆಗಲ್ಲ, ಅದೇ ಅದರ ಮೋಸ. ತೆಳು ಮೋಡ ಶಾಖ ತಡೆಯತ್ತೆ, ಯುವಿ ಬಹುಪಾಲು ಬಿಟ್ಟುಬಿಡತ್ತೆ. ಬೆಟ್ಟದ ಮೇಲೆ ಹೋದ್ರೆ ತಣ್ಣಗಿರತ್ತೆ, ಆದ್ರೆ ಪ್ರತಿ ಸಾವಿರ ಮೀಟರಿಗೆ ಯುವಿ ಸುಮಾರು 10 ಪರ್ಸೆಂಟ್ ಜಾಸ್ತಿ ಆಗ್ತಾ ಹೋಗತ್ತೆ. ಹೊಸ ಹಿಮ ಬಿದ್ದಿದ್ರೆ ಬಿದ್ದ ಯುವಿಯ 80 ಪರ್ಸೆಂಟ್ ತನಕ ಕೆಳಗಿಂದ ಮುಖಕ್ಕೆ ವಾಪಸ್ ಬರತ್ತೆ, ಒಣ ಮರಳಿಂದ 15. ಫೋನಿನ ಹವಾಮಾನ ಆ್ಯಪಲ್ಲಿ ಯುವಿ ಇಂಡೆಕ್ಸ್ ಅಂತ ಒಂದು ಸಂಖ್ಯೆ ಇರತ್ತಲ್ಲ, ತಾಪಮಾನ ಬಿಟ್ಟು ಅದನ್ನ ನೋಡಿ, ತೆಳು ಬಣ್ಣದವರು 3 ಮುಟ್ಟಿದ್ರೆ ಜಾಗ್ರತೆ. ಫೋನ್ ಇಲ್ವಾ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ರೆ ಯುವಿ ಜೋರಾಗಿದೆ ಅಂತ.

ಶಾಖದಿಂದಲೇ ಬರೋ ಸ್ಕಿನ್ ಕ್ಯಾನ್ಸರೂ ಒಂದಿದೆ, ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿ ಅನ್ನೋ ಕೆಂಡದ ಮಡಕೆನ ಬಟ್ಟೆಯೊಳಗೆ ಇಟ್ಕೊಳ್ಳೋರಿಗೆ ಹೊಟ್ಟೆ, ತೊಡೆ ಮೇಲೆ ಬರೋದು. ಸೂರ್ಯ ಅದರಲ್ಲಿ ನಿರಪರಾಧಿ.

ಪ್ರಶ್ನೆ: ಕಾರಿನ ಗಾಜು ಏರಿಸಿದ್ರೆ ಸಾಕಾ?

ಯುವಿಬಿ ತಡೆಯತ್ತೆ, ಯುವಿಎ ಅನ್ನೋ ಇನ್ನೊಂದು ಥರದ ಯುವಿ ಪಕ್ಕದ ಗಾಜಿಂದ ಸಾಕಷ್ಟು ಒಳಗೆ ಬರತ್ತೆ. ಮುಂದಿನ ಗಾಜು ಪದರದ್ದು, ಅದು ಪರವಾಗಿಲ್ಲ. ಅಮೆರಿಕದಲ್ಲಿ ಡ್ರೈವರ್ ಎಡಗಡೆ ಕೂರ್ತಾನೆ, ಅಲ್ಲಿ ಎಡ ಮುಖ, ಎಡಗೈಯಲ್ಲಿ ಸ್ಕಿನ್ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿದೆ. ಆಸ್ಟ್ರೇಲಿಯಾದಲ್ಲಿ ಬಲಗಡೆ ಕೂರ್ತಾರೆ, ಅಲ್ಲಿ ಬಲಗಡೆ ಬಿಸಿಲಿನ ಹಾನಿ ಜಾಸ್ತಿ ಕಂಡಿದೆ. ಗಾಢ ಬಣ್ಣದವರು ಇದಕ್ಕೆ ತಲೆ ಕೆಡಿಸ್ಕೋಬೇಕಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ಆಲ್ಬಿನಿಸಂ, ಕೂದಲು ರೆಪ್ಪೆ ಎಲ್ಲಾ ಬಿಳಿ. ಏಳು ವರ್ಷ. ಹೊರಗೆ ಆಡೋಕೆ ಬಿಡೋದಾ ಬೇಡ್ವಾ ಅಂತ ದಿನಾ ಮನೇಲಿ ಜಗಳ. (ಒಬ್ಬ ತಾಯಿ)

ಬಿಡಿ ತಾಯಿ, ಆಡಲಿ. ಹೊತ್ತು ನೋಡಿ ಬಿಡಿ ಅಷ್ಟೇ, ಬೆಳಿಗ್ಗೆ ಬೇಗ, ಸಂಜೆ ನೆರಳು ಉದ್ದ ಆದ್ಮೇಲೆ. ಅವಳಿಗೆ ಆ ಮೆಲನಿನ್ ಛತ್ರಿ ಇಲ್ಲ, ಹಾಗಾಗಿ ಈ ಅಂಕಣದಲ್ಲಿ ಬಿಸಿಲಿನ ಬಗ್ಗೆ ಹೇಳಿದ ಪ್ರತಿ ಮಾತೂ ಎಲ್ಲರಿಗಿಂತ ಅವಳಿಗೇ ಜಾಸ್ತಿ ಅನ್ವಯ. ಆಫ್ರಿಕಾದಲ್ಲಿ ಸ್ಕಿನ್ ಕ್ಯಾನ್ಸರ್ ಕಮ್ಮಿ ಅಂದೆನಲ್ಲ, ಅಲ್ಲಿ ಆಲ್ಬಿನಿಸಂ ಇರೋರಿಗೆ ಇಪ್ಪತ್ತು ಮೂವತ್ತರ ವಯಸ್ಸಿಗೇ ಮುಖ, ಕತ್ತಿನಲ್ಲಿ ಸ್ಕ್ವೇಮಸ್ ಸೆಲ್ ಬರತ್ತೆ. ಟಾಂಜಾನಿಯಾದಲ್ಲಿ ಸುಮಾರು 1,400 ಜನರಲ್ಲಿ ಒಬ್ಬರಿಗೆ ಆಲ್ಬಿನಿಸಂ ಇದೆ, ಬೇರೆ ಕಡೆ 17ರಿಂದ 20 ಸಾವಿರಕ್ಕೆ ಒಬ್ಬರು. ಅಲ್ಲಿನ ಮೋಶಿ ಪಟ್ಟಣದ ಚರ್ಮರೋಗ ತರಬೇತಿ ಕೇಂದ್ರದಲ್ಲಿ "ಕಿಲಿಸನ್" ಅಂತ ತಾವೇ ಸನ್‌ಸ್ಕ್ರೀನ್ ತಯಾರಿಸಿ ಹಂಚ್ತಾರೆ, ಜೊತೆಗೆ ಟೋಪಿ, ಉದ್ದ ತೋಳು ಹೇಗೆ ಅಂತ ಕಲಿಸ್ತಾರೆ. ಅಗ್ಗದ ಕ್ರೀಮು ಮತ್ತೆ ಒಂದು ಟೋಪಿ ಒಂದು ಆಯಸ್ಸನ್ನ ಎಷ್ಟು ಉದ್ದ ಮಾಡಬಹುದು ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೇ ಉದಾಹರಣೆ ಗೊತ್ತಿಲ್ಲ.

ಅವಳಿಗೆ ಎಸ್‌ಪಿಎಫ್ 30ರ ಮೇಲೆ, ಧಾರಾಳವಾಗಿ, ಕಿವಿ ಮತ್ತೆ ಕತ್ತಿನ ಹಿಂದೆ ಮರೀದೆ. ದಟ್ಟ ನೇಯ್ಗೆಯ ಬಟ್ಟೆ. ಕಣ್ಣಿಗೆ ಯುವಿ ತಡೆಯೋ ಕನ್ನಡಕ. ಆರು ತಿಂಗಳಿಗೊಂದ್ಸಲ ಚರ್ಮದ ಡಾಕ್ಟ್ರಿಗೆ ಮೈಪೂರ್ತಿ ತೋರ್ಸಿ. ಕ್ಲಾಸಲ್ಲಿ ಕಿಟಕಿ ಪಕ್ಕದ ಜಾಗ ಬೇಡ ಅಂತ ಟೀಚರಿಗೆ ಹೇಳಿ, ಬೋರ್ಡ್ ಹತ್ರ ಕೂರಿಸಿ, ದೃಷ್ಟಿ ಸಮಸ್ಯೆನೂ ಇರತ್ತೆ ಈ ಮಕ್ಕಳಿಗೆ.

ಪ್ರಶ್ನೆ: ಬಿಸಿಲು ತಪ್ಪಿಸಿದ್ರೆ ವಿಟಮಿನ್ ಡಿ ಗತಿ?

ಮೈ ಕೆಂಪಾಗೋ ತನಕ ಕೂರಬೇಕಿಲ್ಲ. ತೆಳು ಬಣ್ಣದವರಿಗೆ ಕೆಲವೇ ನಿಮಿಷ ಸಾಕು, ಗಾಢ ಬಣ್ಣದವರಿಗೆ ಜಾಸ್ತಿ ಹೊತ್ತು ಬೇಕು, ಅವರು ಬಿಸಿಲಿಗೆ ಹೆದರಿ ಒಳಗೆ ಕೂರೋದ್ರಲ್ಲಿ ಅರ್ಥ ಇಲ್ಲ. ಕಮ್ಮಿ ಇದೆ ಅಂತ ರಕ್ತ ಪರೀಕ್ಷೆ ಹೇಳಿದ್ರೆ ಮಾತ್ರೆ ಇದೆ.

ಪ್ರಶ್ನೆ: ನನ್ನ ತಂದೆಯವರಿಗೆ 62 ವರ್ಷ. ಅಂಗಾಲಲ್ಲಿ ಒಂದು ಕಪ್ಪು ಕಲೆ, ಎರಡು ವರ್ಷ ಆಯ್ತು. ಆಣಿ ಇರಬೇಕು ಅಂತ ಆಣಿ ಪ್ಲಾಸ್ಟರ್ ಹಾಕ್ತಿದಾರೆ. ಈಗೀಗ ಅಂಚು ಹರಡಿದ ಹಾಗಿದೆ, ಒಂದ್ಸಲ ರಕ್ತನೂ ಬಂತು. ನೋವಿಲ್ಲ ಅಂತ ಆಸ್ಪತ್ರೆಗೆ ಬರೋಕೆ ಒಪ್ತಿಲ್ಲ. ಬಿಸಿಲಿಗೂ ಅಂಗಾಲಿಗೂ ಏನು ಸಂಬಂಧ, ಸುಮ್ನೆ ಬಿಡು ಅಂತಾರೆ.

ಪ್ಲಾಸ್ಟರ್ ಇವತ್ತೇ ತೆಗೆಸಿ. ಆ ಪ್ಲಾಸ್ಟರಲ್ಲಿರೋ ಆ್ಯಸಿಡ್ ಮೇಲ್ಪದರ ಕರಗಿಸಿ ಗುರುತೇ ಸಿಗದ ಹಾಗೆ ಮಾಡತ್ತೆ. ಆಣಿ ಒತ್ತಿದ್ರೆ ನೋಯತ್ತೆ, ಕಪ್ಪಾಗಿ ಹರಡಲ್ಲ. ಮೆಲನೋಮಾ ಶುರುವಲ್ಲಿ ನೋಯೋದೇ ಇಲ್ಲ, ನೋವಿಲ್ಲ ಅನ್ನೋದು ಸಮಾಧಾನದ ಮಾತಲ್ಲ. ಒಂದು ಅರ್ಧ ಇನ್ನೊಂದು ಅರ್ಧದ ಹಾಗಿಲ್ಲ, ಅಂಚು ಚೆಲ್ಲಿದ ಮಸಿಯ ಹಾಗಿದೆ, ಒಳಗೇ ಎರಡು ಮೂರು ಬಣ್ಣ ಇದೆ, 6 ಮಿಲಿಮೀಟರಿಗಿಂತ ದೊಡ್ಡದಿದೆ, ಬದಲಾಗ್ತಾ ಇದೆ, ಇವುಗಳಲ್ಲಿ ಯಾವುದಿದ್ರೂ ತೋರಿಸಬೇಕು, ನಿಮ್ಮ ಪತ್ರದಲ್ಲೇ ಎರಡು ಇವೆ. ಇದು ಅದೇ ಅಂತ ಫೋಟೋ ನೋಡಿ ನಾನು ಹೇಳಲ್ಲ, ಎಷ್ಟೋ ಸಲ ಒಳಗೆ ಹೆಪ್ಪುಗಟ್ಟಿದ ರಕ್ತ ಅಷ್ಟೇ ಇರತ್ತೆ. ಅದನ್ನೂ ಡಾಕ್ಟ್ರು ಡರ್ಮೋಸ್ಕೋಪ್ ಅನ್ನೋ ಸಣ್ಣ ಭೂತಗನ್ನಡಿ ಇಟ್ಟು ಎರಡು ನಿಮಿಷದಲ್ಲಿ ನೋಡಬಹುದು, ಅನುಮಾನ ಬಂದ್ರೆ ಬಯಾಪ್ಸಿ. ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್ ಹರಡತ್ತೆ ಅಂತ ಯಾರಾದ್ರೂ ಹೆದರಿಸ್ತಾರೆ, ಅದು ಸುಳ್ಳು.

ಬಿಸಿಲಿಗೂ ಅಂಗಾಲಿಗೂ ಸಂಬಂಧ ಇಲ್ಲ ಅನ್ನೋದ್ರಲ್ಲಿ ನಿಮ್ಮ ತಂದೆ ಹೇಳಿದ್ದು ಸರಿನೇ. ಅದನ್ನ ಒಪ್ಕೊಂಡೇ ಅವರನ್ನ ಕರ್ಕೊಂಡು ಹೋಗಿ. ಈ ವಾರವೇ, ಚರ್ಮದ ಡಾಕ್ಟ್ರ ಹತ್ರಾನೇ. ಪ್ಲಾಸ್ಟರ್ ಹಾಕೋಕೆ ಮುಂಚಿನ ಹಳೇ ಫೋಟೋ ಯಾರ ಫೋನಲ್ಲಾದ್ರೂ ಇದ್ರೆ ಅದನ್ನೂ ಇಟ್ಕೊಂಡು ಹೋಗಿ.